ನಂಜು ಎಲ್ಲಿದೆ?

ನಮ್ಮ ಕುಂದಾಪುರದ ಕಡೆ ಯಾರಿಗಾದರೂ ಕಾಲಿಗೆ ಗಾಯವಾದರೆ ಮೊದಲು ಬದಲಾಗುವುದು ಅಡುಗೆಮನೆ. ಬದನೆಕಾಯಿ ಬೇಡ, ಬಂಗಡೆ ಬೇಡ, ಸಿಗಡಿಯಂತೂ ಬೇಡವೇ ಬೇಡ. ಅವೆಲ್ಲ ನಂಜು. ಗಾಯ ಮಾಗಿದ ಮೇಲೆ ಅದೇ ಬದನೆಕಾಯಿ ಮತ್ತೆ ಹುಳಿಯೊಳಗೆ ಬೀಳುತ್ತದೆ, ಆಗ ಅದನ್ನು ಯಾರೂ ನಂಜು ಅನ್ನುವುದಿಲ್ಲ. ಚಿಕ್ಕವನಿದ್ದಾಗ ಇದರ ಬಗ್ಗೆ ಅಜ್ಜಿಯ ಹತ್ತಿರ ಜಗಳ ತೆಗೆದಿದ್ದೆ. ನಿನ್ನೆ ನಂಜಲ್ಲದ್ದು ಇವತ್ತು ಹೇಗೆ ನಂಜಾಯಿತು? ಅಜ್ಜಿ ತಲೆ ಎತ್ತದೆ ಹೇಳಿದ್ದಳು: "ನಂಜು ಬದ್ನಿಕಾಯಿ ಒಳ್ಗೆ ಇಲ್ಲೆ ಮಾಣಿ. ನಿನ್ ಗಾಯಕ್ಕೂ ಅದಕ್ಕೂ ಆತಿಲ್ಲೆ, ಅಷ್ಟೇ."

ಆ ಪಥ್ಯಕ್ಕೆ ವೈದ್ಯಶಾಸ್ತ್ರದ ಆಧಾರ ಎಷ್ಟು ಎಂಬುದು ಬೇರೆ ಮಾತು. ಆದರೆ ಆ ಉತ್ತರದಲ್ಲಿದ್ದ ವಿಚಾರ ಎಷ್ಟು ಸರಿಯಾದದ್ದು ಎಂದು ನನಗೆ ಗೊತ್ತಾಗಲು ಇಪ್ಪತ್ತು ವರ್ಷ ಹಿಡಿಯಿತು. ಅದಕ್ಕಾಗಿ ನಾನು ಜೀವರಸಾಯನಶಾಸ್ತ್ರ ಓದಬೇಕಾಯಿತು, ಬ್ಯಾಕ್ಟೀರಿಯಾಗಳು ತಯಾರಿಸುವ ವಿಷಗಳ ರಚನೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡುವ ಕೆಲಸಕ್ಕೆ ಬೆಂಗಳೂರು ಸೇರಬೇಕಾಯಿತು. ಅದೇ ವಿಚಾರದ ಇನ್ನೊಂದು ಮುಖ ಗೊತ್ತಾಗಲು ಚಿಕ್ಕಪ್ಪಯ್ಯ ಸಾಯಬೇಕಾಯಿತು.

ಅದು ಏಳು ವರ್ಷದ ಹಿಂದಿನ ಮಾತು. ಬೈಂದೂರು ತಾಲೂಕಿನ ನಮ್ಮ ಊರಿನಲ್ಲಿ ನಟ್ಟಿ ಮುಗಿಯುತ್ತ ಬಂದಿತ್ತು. ಚಿಕ್ಕಪ್ಪಯ್ಯನಿಗೆ ಹತ್ತು ವರ್ಷದಿಂದ ಶುಗರ್ ಇತ್ತು. ಮಾತ್ರೆ ನೆನಪಾದ ದಿನ ತೆಗೆದುಕೊಳ್ಳುತ್ತಿದ್ದ. ಹಿಮ್ಮಡಿ ಒಡೆದಿತ್ತು; ಅದು ಪ್ರತಿ ಮಳೆಗಾಲದ ಕಥೆ. ಆಷಾಢದಲ್ಲಿ ಜ್ವರ ಹಿಡಿಯಿತು. ಮೊದಲು ಮಳೆಯ ಜ್ವರ ಅಂದರು, ಆಮೇಲೆ ಇಲಿಜ್ವರ ಇರಬಹುದು ಅಂದರು, ಎಕ್ಸ್‌ರೇಯಲ್ಲಿ ಎದೆ ಬೆಳ್ಳಗೆ ಕಂಡಾಗ ಕ್ಷಯ ಇರಬಹುದು ಅಂದರು. ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಎಲ್ಲಿಂದಲೋ ಸೇರಿಕೊಂಡ ಕಸವೆಂದು ಒಂದು ಪ್ರಯೋಗಾಲಯ ಬದಿಗಿಟ್ಟಿತು. ದೊಡ್ಡ ಆಸ್ಪತ್ರೆಗೆ ಸಾಗಿಸಿದ ಮೇಲೆ ಕಾಯಿಲೆಗೆ ಹೆಸರು ಸಿಕ್ಕಿತು: ಮೆಲಿಯಾಯ್ಡೋಸಿಸ್. ಸರಿಯಾದ ಔಷಧಿ ಶುರುವಾದ ಮೂರನೆಯ ದಿನ ಚಿಕ್ಕಪ್ಪಯ್ಯ ಹೋದ.

ಫೋನಿನಲ್ಲಿ ಆ ಹೆಸರು ಕೇಳಿದಾಗ ನನ್ನ ಕೈ ತಣ್ಣಗಾಯಿತು. ಹೆಸರು ಹೊಸದಾಗಿದ್ದರಿಂದಲ್ಲ, ಅದು ನನಗೆ ಹಳೆಯದಾಗಿದ್ದರಿಂದ.

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1911ರಲ್ಲಿ, ರಂಗೂನಿನಲ್ಲಿ. ಗುರುತಿಸಿದವರು ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಜೊತೆಗಿದ್ದ ಭಾರತೀಯ ವೈದ್ಯ ಸಿ. ಎಸ್. ಕೃಷ್ಣಸ್ವಾಮಿ. ಕಾರಣವಾದ ಬ್ಯಾಕ್ಟೀರಿಯಾಕ್ಕೆ ಈಗಿನ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿ. ಅದರ ಮನೆ ಮಣ್ಣು ಮತ್ತು ನೀರು. ಮಳೆಗಾಲದ ಭತ್ತದ ಗದ್ದೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಚರ್ಮದ ಬಿರುಕಿನಿಂದ ಒಳಗೆ ಬರುತ್ತದೆ, ಕೆಲವೊಮ್ಮೆ ಉಸಿರಿನಿಂದ, ಕುಡಿಯುವ ನೀರಿನಿಂದ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಅನೇಕ ಪಟ್ಟು ಹೆಚ್ಚು. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 1,65,000 ಜನರಿಗೆ ಇದು ಬರುತ್ತದೆ, 89,000 ಜನ ಸಾಯುತ್ತಾರೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಡಾ. ಚಿರಂಜಯ್ ಮುಖೋಪಾಧ್ಯಾಯ ಮತ್ತು ಅವರ ಸಹೋದ್ಯೋಗಿಗಳು ಉಡುಪಿ ಮತ್ತು ಸುತ್ತಲ ಜಿಲ್ಲೆಗಳ ರೋಗಿಗಳಲ್ಲಿ ಇದನ್ನು ವರ್ಷಗಳಿಂದ ಪತ್ತೆ ಹಚ್ಚುತ್ತ, ಬರೆಯುತ್ತ ಬಂದಿದ್ದಾರೆ. ಹೆಚ್ಚಿನವರು ಬರುವುದು ಮಳೆಗಾಲದಲ್ಲೇ. ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಗದ್ದೆಗಳಿಂದ ಮಣಿಪಾಲ ಒಂದೆರಡು ಗಂಟೆಯ ದಾರಿ. ನಮ್ಮ ಊರಿನ ಕಾಯಿಲೆ ನಮ್ಮ ಊರಿನ ಪಕ್ಕದಲ್ಲೇ ಲೇಖನವಾಗುತ್ತಿತ್ತು. ನಾನು ಅದನ್ನು ಬೆಂಗಳೂರಿನಲ್ಲಿ ಕೂತು ಓದುತ್ತಿದ್ದೆ.

ಓದಿದ್ದಷ್ಟೇ ಅಲ್ಲ. ಈ ಬ್ಯಾಕ್ಟೀರಿಯಾದ ಒಂದು ವಿಷದ ಬಗ್ಗೆ ನಮ್ಮ ಪ್ರಯೋಗಾಲಯದಲ್ಲಿ ಒಂದು ಗಂಟೆ ಮಾತಾಡಿದ್ದೆ, ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. 2011ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಮಲೇಷ್ಯಾದ ವಿಜ್ಞಾನಿಗಳ ಜೊತೆ ಸೇರಿ ಪ್ರಕಟಿಸಿದ ಕೆಲಸ ಅದು. ಈ ಬ್ಯಾಕ್ಟೀರಿಯಾದಲ್ಲಿ ಇನ್ನೂರು ಚಿಲ್ಲರೆ ಅಮೈನೋ ಆಮ್ಲಗಳ ಒಂದು ಸಣ್ಣ ಪ್ರೋಟೀನು ಇತ್ತು. ಅದೇನು ಮಾಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ ಅದರ ಆಕಾರ ನೋಡಿದಾಗ, ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ವಿಷಕ್ಕೂ ಇದಕ್ಕೂ ಮುಖದ ಹೋಲಿಕೆ ಕಂಡಿತು. ಅಕ್ಷರಗಳ ಸಾಲಿನಲ್ಲಿ ಇಲ್ಲದ ನಂಟು ಆಕಾರದಲ್ಲಿತ್ತು. ಆ ಜಾಡು ಹಿಡಿದು ಹೋದಾಗ ಇದೂ ವಿಷವೆಂದು ತಿಳಿಯಿತು. ಅದಕ್ಕೆ ಬಿಎಲ್‌ಎಫ್1 ಎಂದು ಹೆಸರಿಟ್ಟರು.

ಅದು ಮಾಡುವ ಕೆಲಸ ಕೇಳಿದರೆ ಇಷ್ಟೇ ಅನಿಸುತ್ತದೆ. ನಮ್ಮ ಜೀವಕೋಶ ಪ್ರೋಟೀನು ತಯಾರಿಸಬೇಕಾದರೆ ಮೊದಲು ಆರ್‌ಎನ್‌ಎ ಎಂಬ ಎಳೆಯ ಸಿಕ್ಕು ಬಿಡಿಸಬೇಕು. ಗಂಗೊಳ್ಳಿಯ ಬಂದರಿನಲ್ಲಿ ದೋಣಿ ಹೊರಡುವ ಮೊದಲು ಕೂತು ಬಲೆಯ ಸಿಕ್ಕು ಬಿಡಿಸುತ್ತಾರಲ್ಲ, ಹಾಗೆ. ಆ ಕೆಲಸಕ್ಕೆ ಕೋಶದೊಳಗೆ ಒಂದು ಪ್ರೋಟೀನು ಇದೆ. ಬಿಎಲ್‌ಎಫ್1 ಹೋಗಿ ಆ ಪ್ರೋಟೀನಿನ 339ನೇ ಅಮೈನೋ ಆಮ್ಲವನ್ನು, ಅಂದರೆ ಒಂದು ಗ್ಲುಟಮಿನ್ನನ್ನು, ಗ್ಲುಟಮಿಕ್ ಆಮ್ಲವಾಗಿ ಬದಲಿಸುತ್ತದೆ. ಒಂದು ಸಾರಜನಕದ ಜಾಗಕ್ಕೆ ಒಂದು ಆಮ್ಲಜನಕ, ಅಷ್ಟೇ ವ್ಯತ್ಯಾಸ. ಅಷ್ಟಕ್ಕೇ ಸಿಕ್ಕು ಬಿಡಿಸುವವನ ಕೈ ಬಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಕೋಶದ ಕಾರ್ಖಾನೆ ನಿಲ್ಲುತ್ತದೆ, ಕೋಶ ಸಾಯುತ್ತದೆ. ಈ ಬ್ಯಾಕ್ಟೀರಿಯಾ ಕೊಲ್ಲುವ ಬಗೆ ಇದೊಂದೇ ಅಲ್ಲ; ಆದರೆ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವಂಥದ್ದು ಕಡಿಮೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಪ್ರಯೋಗ. ವಿಜ್ಞಾನಿಗಳು ವಿಷದ 94ನೇ ಅಮೈನೋ ಆಮ್ಲವನ್ನು, ಒಂದು ಸಿಸ್ಟೀನನ್ನು, ಸೆರೀನ್ ಆಗಿ ಬದಲಿಸಿದರು. ಸಿಸ್ಟೀನಿಗೂ ಸೆರೀನಿಗೂ ಇರುವ ಅಂತರ ಒಂದೇ ಪರಮಾಣುವಿನದು: ಗಂಧಕ ಇದ್ದಲ್ಲಿ ಆಮ್ಲಜನಕ. ಮೂಲ ಪ್ರೋಟೀನು ಚುಚ್ಚಿದಾಗ ಸಾಯುತ್ತಿದ್ದ ಇಲಿಗಳು ಇದನ್ನು ಚುಚ್ಚಿದಾಗ ಆರಾಮವಾಗಿದ್ದವು. ಪರದೆಯ ಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಆ ಒಂದು ಚುಕ್ಕಿ ಬಿಟ್ಟು ವ್ಯತ್ಯಾಸವೇ ಕಾಣದು. ಹಾಗಾದರೆ ವಿಷ ಎಲ್ಲಿತ್ತು? ಆ ಗಂಧಕದ ಪರಮಾಣುವಿನಲ್ಲೇ? ಗಂಧಕ ನಮ್ಮ ಮೈಯ ಪ್ರತಿ ಕೋಶದಲ್ಲೂ ಇದೆ. ವಿಷ ಇದ್ದದ್ದು ಆ ಗಂಧಕಕ್ಕೂ ನಮ್ಮ ಆ ಗ್ಲುಟಮಿನ್ನಿಗೂ ಕೂಡಿಬಂದದ್ದರಲ್ಲಿ. ಅಜ್ಜಿಯ ಬದನೆಕಾಯಿ ನನಗೆ ಮತ್ತೆ ನೆನಪಾಗಿದ್ದು ಆಗ.

ಇಂಥ ಉದಾಹರಣೆ ಇನ್ನೂ ಹತ್ತಿರದಲ್ಲಿದೆ. ಹೊಸ ಊರಿನ ನೀರು ಕುಡಿದವರಿಗೆ ಬರುವ ಬೇಧಿಗೆ ಎಷ್ಟೋ ಸಲ ಕಾರಣ ಇ. ಕೋಲಿಯ ಒಂದು ಪುಟ್ಟ ವಿಷ. ಕುದಿಸಿದರೂ ಸುಲಭಕ್ಕೆ ಕೆಡದ, ಇಪ್ಪತ್ತಕ್ಕಿಂತ ಕಡಿಮೆ ಅಮೈನೋ ಆಮ್ಲಗಳ ಸರಪಳಿ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರು ಅದು ಕರುಳಿನಲ್ಲಿ ಹೋಗಿ ಕೂರುವ ಗ್ರಾಹಕದ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಆ ಗ್ರಾಹಕ ಇರುವುದು ವಿಷಕ್ಕಾಗಿ ಅಲ್ಲ. ನಮ್ಮ ಮೈಯೇ ತಯಾರಿಸುವ ಒಂದು ಹಾರ್ಮೋನಿಗಾಗಿ ಅದು ಇದೆ. ಕರುಳಿಗೆ ಎಷ್ಟು ನೀರು ಬಿಡಬೇಕೆಂದು ಹೇಳುವುದು ಆ ಹಾರ್ಮೋನು. ಬ್ಯಾಕ್ಟೀರಿಯಾ ನಮ್ಮದೇ ಮಾತನ್ನು ಕಲಿತು, ಅದನ್ನೇ ಎತ್ತರದ ದನಿಯಲ್ಲಿ ಹೇಳುತ್ತದೆ. ಅದೇ ಗ್ರಾಹಕಕ್ಕೆ ಹೊಂದುವ ಲಿನಾಕ್ಲೊಟೈಡ್ ಎಂಬ ಅಣು 2012ರಿಂದ ಮಲಬದ್ಧತೆಗೆ ಔಷಧಿ. ಅದೇ ವರ್ಷ ನಾರ್ವೆಯ ಒಂದು ಕುಟುಂಬದ ಬಗ್ಗೆ ವರದಿ ಬಂತು: ಆ ಗ್ರಾಹಕದಲ್ಲೇ ಹುಟ್ಟಿನಿಂದ ಬಂದ ಒಂದು ಬದಲಾವಣೆಯಿಂದ ಅವರಿಗೆ ಬಹುಕಾಲದ ಬೇಧಿ. ವಿಷವಿಲ್ಲದೆಯೂ ವಿಷದ ಪರಿಣಾಮ! ಒಂದೇ ಬಾಗಿಲು, ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಮದ್ದು, ಮತ್ತೊಬ್ಬರಿಗೆ ಹುಟ್ಟು.

ಈ ತಿಳಿವಳಿಕೆಗೆ ಒಂದು ಬೆಲೆ ಇದೆ. ರಚನೆ ನೋಡುತ್ತ ಹೋದ ಹಾಗೆ ವಿಷದಿಂದ ದ್ವೇಷ ಹೊರಟುಹೋಗುತ್ತದೆ. ನಮ್ಮ ಸಂಶೋಧನಾ ಲೇಖನಗಳು ಇನ್ನೂ ಯುದ್ಧದ ಭಾಷೆಯಲ್ಲೇ ಮಾತಾಡುತ್ತವೆ: ದಾಳಿ, ಆಯುಧ, ಗುರಿ. ಆದರೆ ಮಣ್ಣಿನ ಈ ಬ್ಯಾಕ್ಟೀರಿಯಾಕ್ಕೆ ಮನುಷ್ಯ ಗುರಿಯೇ ಅಲ್ಲ. ಒಬ್ಬರಿಂದ ಒಬ್ಬರಿಗೆ ಅದು ಹರಡುವುದು ತೀರಾ ಅಪರೂಪ. ಅದರ ಪಾಲಿಗೆ ಚಿಕ್ಕಪ್ಪಯ್ಯನ ಮೈ ಮುಂದೆ ದಾರಿಯಿಲ್ಲದ ಓಣಿ. ಅವನನ್ನು ಕೊಂದು ಅದಕ್ಕೆ ಸಿಕ್ಕಿದ್ದು ಏನೂ ಇಲ್ಲ.

ಇದನ್ನು ನಾನು ಚಿಕ್ಕಿಗೆ ಹೇಳಲು ಹೋದೆ. ಹದಿಮೂರನೆಯ ದಿನದ ಊಟ ಮುಗಿದು ಜನ ಚದುರಿದ ಮೇಲೆ, ಜಗಲಿಯ ಮೇಲೆ. ಅಷ್ಟರಲ್ಲಿ ಮನೆಯವರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ಆಗಿತ್ತು. ಗದ್ದೆಯ ಮೂಲೆಯಲ್ಲಿರುವ ನಾಗಬನದ ಬುಡದವರೆಗೆ ಆ ವರ್ಷ ಟಿಲ್ಲರ್ ಹೋಗಿತ್ತಂತೆ, ಅದರ ದೋಷ. ನಾನು ನನ್ನ ಪಾಠ ಶುರು ಮಾಡಿದೆ: ಯಾರ ಸಿಟ್ಟೂ ಅಲ್ಲ, ಮಣ್ಣಿನಲ್ಲಿ ಒಂದು ಕ್ರಿಮಿ, ಅದಕ್ಕೆ ಚಿಕ್ಕಪ್ಪಯ್ಯ ಯಾರೆಂದೇ ಗೊತ್ತಿಲ್ಲ. ಚಿಕ್ಕಿ ಕೇಳಿಸಿಕೊಂಡಳು. ಕೊನೆಗೆ ಕೇಳಿದಳು: "ಹಾಂಗಾರೆ ತಪ್ಪು ಯಾರದ್ದ್?"

ನಾನು ಯಾರದೂ ಅಲ್ಲ ಅಂದೆ. ವಿಜ್ಞಾನದ ಮಟ್ಟಿಗೆ ಅದು ಸರಿಯಾದ ಉತ್ತರ. ಆದರೆ ಆಕೆಯ ಮುಖ ನೋಡಿದಾಗ, ನಾನು ಆಕೆಯ ಕೈಯಿಂದ ಏನನ್ನೋ ಕಿತ್ತುಕೊಂಡೆ ಅನಿಸಿತು. ನಾಗನ ಕಥೆಯಲ್ಲಿ ಕ್ಷಮೆ ಕೇಳಲು ಒಬ್ಬನಿದ್ದಾನೆ. ತಪ್ಪಾಯಿತು ಅನ್ನಬಹುದು, ತನು ಹಾಕಬಹುದು, ಮುಂದಿನ ವರ್ಷ ಬನದ ಸುತ್ತ ಹತ್ತು ಅಡಿ ಬಿಡಬಹುದು. ನನ್ನ ಕಥೆಯಲ್ಲಿ ಅಂಥ ಯಾರೂ ಇಲ್ಲ. ಮಳೆ, ಒಡೆದ ಹಿಮ್ಮಡಿ, ಶುಗರ್, ಮಣ್ಣು, ಬದಿಗಿಟ್ಟ ಒಂದು ತಟ್ಟೆ, ಒಂದು ಸಾರಜನಕ. ಮರವಂತೆಯ ಮರಳಿನಲ್ಲಿ ಹತ್ತು ಜನ ಸೇರಿ ದೋಣಿ ನೂಕಿದ ಹಾಗೆ. ಪ್ರತಿಯೊಬ್ಬನೂ ನಾನೊಬ್ಬನೇ ನೂಕಿದ್ದಲ್ಲ ಅನ್ನಬಹುದು, ಅದು ಸತ್ಯವೂ ಹೌದು. ಆದರೂ ದೋಣಿ ನೀರಿಗಿಳಿದಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಹಂಚಿಹೋದರೆ ಹೊಣೆಯೂ ಹಂಚಿ ಹಂಚಿ ಇಲ್ಲವಾಗುತ್ತದೆಯೇ? ಎಲ್ಲರ ಪಾಲೂ ಚೂರು ಚೂರಾದರೆ ಕೊನೆಗೆ ಯಾರ ಪಾಲೂ ಉಳಿಯುವುದಿಲ್ಲವೇ? ನನಗೆ ಕಂಡದ್ದು ಇದು: ಆ ಪಟ್ಟಿಯಲ್ಲಿರುವ ಹೆಚ್ಚಿನವುಗಳಿಗೆ ತಿಳಿಯುವ ಶಕ್ತಿಯೇ ಇಲ್ಲ. ಮಳೆಗೆ ತಾನೇನು ತಂದೆ ಎಂದು ಗೊತ್ತಾಗದು. ಪ್ರೋಟೀನಿಗೆ ತಾನು ವಿಷವೆಂದು ಗೊತ್ತಾಗದು. ಗೊತ್ತಿದ್ದವನು ನಾನು. ಗದ್ದೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಚಿಕ್ಕಪ್ಪಯ್ಯನಿಗೆ ಶುಗರ್ ಇದೆ, ಹಿಮ್ಮಡಿ ಒಡೆಯುತ್ತದೆ ಎಂದು ಗೊತ್ತಿತ್ತು. ಎರಡೂ ಒಂದೇ ತಲೆಯೊಳಗೆ ವರ್ಷಗಟ್ಟಲೆ ಇದ್ದವು, ಒಂದನ್ನೊಂದು ಮುಟ್ಟಲಿಲ್ಲ. ಒಂದು ಬೆಂಗಳೂರಿನದು, ಒಂದು ಊರಿನದು. ಒಂದು ಇಂಗ್ಲಿಷಿನದು, ಒಂದು ಕನ್ನಡದ್ದು. ಹಬ್ಬಕ್ಕೆ ಊರಿಗೆ ಬಂದಾಗ ಚಿಕ್ಕಪ್ಪಯ್ಯ, "ಎಂತ ಮಾಡ್ತೆ ಮಾಣಿ ಅಲ್ಲಿ?" ಎಂದು ಪ್ರತಿ ಸಲ ಕೇಳುತ್ತಿದ್ದ. ಪ್ರತಿ ಸಲವೂ ನಾನು, "ಅದೆಲ್ಲ ಹೇಳಿದ್ರೆ ಅರ್ಥ ಆತಿಲ್ಲೆ" ಎಂದು ನಕ್ಕುಬಿಡುತ್ತಿದ್ದೆ. ನಂಜುಂಡ ನಂಜನ್ನು ಗಂಟಲಲ್ಲಿ ಇಟ್ಟುಕೊಂಡದ್ದು ಲೋಕ ಉಳಿಯಲಿ ಎಂದು. ನಾನು ಗಂಟಲಲ್ಲಿ ಇಟ್ಟುಕೊಂಡದ್ದು ಬರೀ ಸೋಮಾರಿತನಕ್ಕೆ.

ಇದಕ್ಕೆ ಎದುರು ಮಾತು ಇಲ್ಲವೆಂದಲ್ಲ. ತಿಳಿದವನೇ ಹೊಣೆಗಾರನಾದರೆ, ತಿಳಿಯದೇ ಇರುವುದೇ ಕ್ಷೇಮವಲ್ಲವೇ? ಇನ್ನೂ ಗಟ್ಟಿಯಾದ ಮಾತೊಂದಿದೆ. ಒಬ್ಬ ಮನುಷ್ಯನಿಗೆ ಸಾವಿರ ಅಪಾಯ ಗೊತ್ತಿರುತ್ತವೆ. ಎಲ್ಲವನ್ನೂ ಎಲ್ಲರಿಗೂ ಹೇಳುತ್ತ ಹೋದರೆ ಅವನೂ ಬದುಕಲಾರ, ಅವನ ಸುತ್ತಲಿನವರೂ ಬದುಕಲಾರರು. ಹಾಗಿದ್ದರೆ ಹೊಣೆ ಎಲ್ಲಿ ನಿಲ್ಲಬೇಕು?

ಇಲ್ಲಿ ನನಗೆ ದಾರಿ ತೋರಿಸಿದ್ದು ಮತ್ತೆ ಅಜ್ಜಿಯ ಮಾತೇ. ನಂಜು ಬದನೆಕಾಯಿಯಲ್ಲೂ ಇಲ್ಲ, ಗಾಯದಲ್ಲೂ ಇಲ್ಲ, ಎರಡೂ ಕೂಡಿದಲ್ಲಿ ಇದೆ. ಹೊಣೆಯೂ ಹಾಗೆಯೇ. ಅದು ನನ್ನ ತಿಳಿವಳಿಕೆಯೊಂದರಲ್ಲೇ ಇಲ್ಲ. ಥಾಯ್ಲೆಂಡಿನ ಯಾವುದೋ ಗದ್ದೆಯಲ್ಲಿ ನಡೆಯುವವನಿಗೆ ನಾನು ಹೊಣೆಗಾರನಲ್ಲ. ನಾನು ಹೇಳಿದರೆ ಅವನಿಗೆ ಕೇಳಿಸದು. ಆದರೆ ನನಗೆ ಗೊತ್ತಿರುವ ವಿಷಯ, ನನಗೆ ಗೊತ್ತಿರುವ ಕಾಲು, ನಾನು ನಡೆದು ಬೆಳೆದ ಗದ್ದೆ, ನಾವಿಬ್ಬರೂ ಆಡುವ ಭಾಷೆ, ಇಷ್ಟೂ ಒಂದಕ್ಕೊಂದು ಹೊಂದಿಕೊಂಡಲ್ಲಿ ಹೊಣೆ ಹುಟ್ಟುತ್ತದೆ. ಅಂಥ ಜಾಗ ಒಬ್ಬೊಬ್ಬರ ಬದುಕಿನಲ್ಲಿ ಕೆಲವೇ ಇರುತ್ತವೆ, ಹಾಗಾಗಿ ಅದನ್ನು ಹೊರಬಹುದು. ತಿಳಿಯದಿರುವುದೇ ಕ್ಷೇಮ ಎಂಬ ಮಾತಿಗೂ ಉತ್ತರ ಅಲ್ಲೇ ಇದೆ: ಕೈಗೆಟುಕುವಷ್ಟು ಹತ್ತಿರ ಬಂದದ್ದನ್ನು ನೋಡದೆ ಬದಿಗಿಡುವುದು ಅಜ್ಞಾನವಲ್ಲ, ಅದೊಂದು ನಿರ್ಧಾರ. ತಟ್ಟೆಯನ್ನು ಬದಿಗಿಟ್ಟ ಆ ಪ್ರಯೋಗಾಲಯಕ್ಕೂ ನನಗೂ ಈ ವಿಷಯದಲ್ಲಿ ದೊಡ್ಡ ಅಂತರವಿಲ್ಲ.

ಔಷಧಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಥಾಯ್ಲೆಂಡಿನಲ್ಲಿ 1989ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸೆಫ್ಟಾಜಿಡಿಮ್ ಎಂಬ ಔಷಧಿ ತೀವ್ರ ಕಾಯಿಲೆಯವರ ಸಾವನ್ನು ನೂರಕ್ಕೆ 74ರಿಂದ 37ಕ್ಕೆ ಇಳಿಸಿತು. ಇದನ್ನು ಕನಿಷ್ಠ ಹತ್ತು ಹದಿನಾಲ್ಕು ದಿನ ರಕ್ತನಾಳಕ್ಕೆ ಕೊಡಬೇಕು, ಆಮೇಲೆ ಮೂರು ತಿಂಗಳು ಮಾತ್ರೆ. ಬಿಎಲ್‌ಎಫ್1 ಬೆಳಕಿಗೆ ಬರುವ ಎರಡು ದಶಕ ಮೊದಲೇ ಇದು ಗೊತ್ತಿತ್ತು. ಚಿಕ್ಕಪ್ಪಯ್ಯನಿಗೆ ಕಡಿಮೆ ಬಿದ್ದದ್ದು ವಿಷದ ರಚನೆಯ ಜ್ಞಾನವಲ್ಲ. ಜ್ವರ ಬಂದ ವಾರವೇ "ಇದು ಅದಿರಬಹುದು, ನೋಡಿ" ಎಂದು ಹೇಳುವ ಒಂದು ಬಾಯಿ.

ಬೆಳಗ್ಗೆ ಚಿಕ್ಕಿ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹೋಗಿ ಹೇಳಿದೆ. ನನಗೆ ಈ ಕಾಯಿಲೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ, ತಪ್ಪಾಯಿತು. ಆಕೆ ಅಳಬಹುದು, ಬೈಯಬಹುದು ಎಂದುಕೊಂಡಿದ್ದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಹಾಂಗಾರೆ ಈಗ ಹೇಳ್. ನಾಳೆ ಗದ್ದಿಗೆ ಆಳ್ ಬತ್ರ್."

ಹೇಳುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲ ಹೆದರಿಕೆ ಮಣ್ಣಿನದು. ನಮ್ಮ ಕಡೆ ಹಡಿಲು ಬಿದ್ದ ಗದ್ದೆಗಳು ಈಗಾಗಲೇ ಬೇಕಾದಷ್ಟಿವೆ. ಮಣ್ಣಿನಲ್ಲಿ ಸಾವಿದೆ ಅಂದರೆ ಉಳಿದವರೂ ಇಳಿಯುವುದನ್ನು ಬಿಡಬಹುದು. ಆದ್ದರಿಂದ ಮಣ್ಣಿಗೆ ನಂಜಿನ ಹೆಸರು ಹಚ್ಚದೆ, ಅಜ್ಜಿಯ ಹಾಗೆ ಹೇಳಬೇಕಾಯಿತು: ಮಣ್ಣು ನಂಜಲ್ಲ, ಒಡೆದ ಕಾಲಿಗೂ ಅದಕ್ಕೂ ಆಗಿಬರುವುದಿಲ್ಲ, ಶುಗರ್ ಇದ್ದರೆ ಇನ್ನೂ ಆಗಿಬರುವುದಿಲ್ಲ. ಇದು ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಎರಡನೆಯದು ಬೂಟಿನದು. ಪುಸ್ತಕದಲ್ಲಿ ಬೂಟು ಹಾಕಿ ಎಂದಿದೆ. ನಾನೇ ಹಾಕಿ ಇಳಿದೆ. ನಾಲ್ಕನೆಯ ಹೆಜ್ಜೆಗೆ ಬೂಟು ಕೆಸರಿನಲ್ಲಿ ಉಳಿಯಿತು, ಕಾಲು ಮೇಲೆ ಬಂತು. ಗೊರಬು ಹೊದ್ದು ನಿಂತಿದ್ದ ಹೆಂಗಸರೆಲ್ಲ ನಕ್ಕರು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಗಾಯ ಇದ್ದರೆ ಇಳಿಯಬೇಡಿ ಅಂದೆ. ಒಬ್ಬಾಕೆ ಕೇಳಿದಳು, "ಇಳಿದಿದ್ರೆ ಸಂಬ್ಳ ಯಾರ್ ಕೊಡ್ತ್ರ್?" ಹೇಳುವವನಿಗೆ ಮಾತು ಅಗ್ಗ, ಕೇಳುವವಳಿಗೆ ಒಂದು ದಿನದ ಕೂಲಿ. ಆ ಖರ್ಚಿನಲ್ಲಿ ಪಾಲು ಕೊಡದೆ ಹೊಣೆ ಹೊತ್ತೆ ಅನ್ನುವಂತಿಲ್ಲ.

ಅದಕ್ಕೆ ಚಿಕ್ಕಿಯೇ ಒಂದು ವ್ಯವಸ್ಥೆ ಮಾಡಿದ್ದಾಳೆ. ನಟ್ಟಿಯ ದಿನ ಬೆಳಗ್ಗೆ ಚಹಾ ಕೊಡುವಾಗ ಎಲ್ಲರ ಪಾದ ನೋಡುತ್ತಾಳೆ. ಹಿಮ್ಮಡಿ ಒಡೆದವರಿಗೆ, ಬೆರಳ ಸಂದು ಕೊಳೆತವರಿಗೆ ಆ ದಿನ ಮೇಲಿನ ಕೆಲಸ: ಅಂಗಳದಲ್ಲಿ, ಅಡುಗೆಮನೆಯಲ್ಲಿ. ಕೂಲಿ ಎಲ್ಲರಿಗೂ ಒಂದೇ. ಸಂಜೆ ಬಾವಿಕಟ್ಟೆಯ ಹತ್ತಿರ ಸಾಬೂನು, ಬಿಸಿನೀರು. ಮಳೆಗಾಲದಲ್ಲಿ ಯಾರ ಜ್ವರವಾದರೂ ಮೂರು ದಿನಕ್ಕೆ ಬಿಡದಿದ್ದರೆ, ನಾನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾಯಿಲೆಯ ಹೆಸರು ಬರೆದುಕೊಟ್ಟ ಚೀಟಿಯನ್ನು ಡಾಕ್ಟರಿಗೆ ತೋರಿಸಲು ಕೊಟ್ಟು ಕಳಿಸುತ್ತಾಳೆ. ಇದರಿಂದ ಯಾರಾದರೂ ಉಳಿದರೋ ಎಂದು ಲೆಕ್ಕ ಹೇಳಲು ನನ್ನಿಂದ ಆಗದು; ಬಾರದೇ ಹೋದ ಕಾಯಿಲೆಗೆ ಲೆಕ್ಕವಿರುವುದಿಲ್ಲ.

ನಾಗಬನದ ಸುತ್ತ ಹತ್ತು ಅಡಿ ಜಾಗವನ್ನೂ ಆಕೆ ಬಿಟ್ಟಿದ್ದಾಳೆ. ಅದರ ಬಗ್ಗೆ ನಾನು ಮತ್ತೆ ಏನೂ ಹೇಳಲಿಲ್ಲ. ಆ ಹತ್ತು ಅಡಿಯೂ, ಬಾವಿಕಟ್ಟೆಯ ಸಾಬೂನೂ ಒಂದೇ ಪ್ರಶ್ನೆಗೆ ಆಕೆ ಕೊಟ್ಟುಕೊಂಡ ಎರಡು ಉತ್ತರಗಳು. ನನ್ನ ಉತ್ತರವೂ ಅದರಲ್ಲಿ ಒಂದು ಎಂಬುದು ನನಗೆ ಸಾಕು.

ಈ ವರ್ಷ ನಟ್ಟಿಗೆ ರಜೆ ಹಾಕಿ ಹೋಗಿದ್ದೆ. ಸಾಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಚಿಕ್ಕಿ ನನ್ನ ಪಾದವನ್ನೂ ಎತ್ತಿ ನೋಡಿದಳು. ಬಲಗಾಲಿನ ಹೆಬ್ಬೆರಳು ಹಿಂದಿನ ದಿನ ಎಡವಿ ಸುಲಿದಿತ್ತು. "ನೀನ್ ಒಳ್ಗೆ ಹೋಯ್ ತೆಂಗಿನಕಾಯಿ ತುರಿ" ಅಂದಳು. ಹೋಗಿ ತುರಿದೆ.